ಗುಲಾಬಿ ಶರಬತ್ತು

ಇರುವೆ ಕಚ್ಚಿದ್ದು ಎಡಗಾಲಿನ ಹಿಮ್ಮಡಿಗೆ.
ನಾನಾಗ ಸತ್ತಿದ್ದೆ.
ಬಳ್ಳಾರಿಯ ಕೌಲ್ ಬಜಾರು, ಚರಂಡಿ ಪಕ್ಕ, ಮಟಮಟ ಮಧ್ಯಾಹ್ನ,
ಎದೆಯ ಮೇಲೆ ಎರಡು ಬಾಟಲಿ ಗುಲಾಬಿ ಶರಬತ್ತು.
ಸಿನಿಮಾದ ರಕ್ತ ಕೊಳ್ಳಲು ಕಾಸಿರಲಿಲ್ಲ.
‘ಅಲುಗಾಡಬ್ಯಾಡಲೇ ಹುಲುಗಾ,
ರೀಲಿಲ್ಲ, ಇನ್ನೊಮ್ಮೆ ಸಾಯಾಕ ಆಗಂಗಿಲ್ಲ’
ಅಂದರು ಕ್ಯಾಮೆರಾ ಹಿಂದಿನಿಂದ ಸ್ಟುಡಿಯೋ ಗಾದಿಲಿಂಗಪ್ಪ.
ಅಲುಗಾಡಿದೆ.
ಅದು ಹಾಗೇ ಉಳಿಯಿತು.

ಮೂವತ್ತಾರು ವರ್ಷದ ಮೇಲೆ, ಈಗ,
ಜೀನ್ಸ್ ಹೊಲಿಯುವ ಯೂನಿಟ್ಟಿನ ಮಾಳಿಗೆ ಮೇಲೆ
ಒದ್ದೆ ಪ್ಯಾಂಟುಗಳ ನಡುವೆ ಎರಡು ಪಂಚೆ ಜೋಡಿಸಿ ಕಟ್ಟಿ
ಹುಡುಗರು ಅದನ್ನು ಹಾಕುತ್ತಾರೆ, ಅಮಾವಾಸ್ಯೆಗೊಮ್ಮೆ.
ಬೆಳದಿಂಗಳಿದ್ದರೆ ಚಿತ್ರ ಇನ್ನೂ ಮಂಕು.
ಯಾರದೋ ಮದುವೆ ಕ್ಯಾಸೆಟ್ಟಿನ ಬಾಲಕ್ಕೆ ಅಂಟಿಕೊಂಡು ಬದುಕಿತ್ತಂತೆ.
ಹಾಗಾಗಿ ಶುರುವಿನಲ್ಲಿ ಮದುಮಗಳೊಬ್ಬಳು ಸೆರಗಲ್ಲಿ ಮೂಗೊರೆಸಿಕೊಳ್ಳುತ್ತಾಳೆ,
ಅದಕ್ಕೂ ಚಪ್ಪಾಳೆ.
ಗಂಗಾವತಿಯಿಂದ, ಸಿಂಧನೂರಿನಿಂದ ಬೈಕಿನಲ್ಲಿ ಬರುತ್ತಾರೆ,
ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಶರಬತ್ತಿನ ಬಾಟಲಿ.
ನನ್ನ ಹಿಮ್ಮಡಿ ಅಲುಗಿದ್ದೇ ತಡ
‘ಇರುವೀ!’ ಎಂದು ಕೂಗಿ ಒಂದೇ ಗುಟುಕಿಗೆ ಎತ್ತುತ್ತಾರೆ.
ನನ್ನನ್ನು ಕರೆಯುವುದು ಸತ್ತಣ್ಣ ಅಂತ.
ಸತ್ತಣ್ಣ, ಕುರ್ಚಿ ತಗಾ. ಸತ್ತಣ್ಣ, ಮಿರ್ಚಿ ತಿನ್ನು.

‘ಹದಿನಾರು ದಾಟದವರು’, ಅದರ ಹೆಸರು.
ನೂರು ಮದುವೆಗೆ ಮುಂಗಡ ಇಸಕೊಂಡು
ಆ ದುಡ್ಡಲ್ಲಿ ತೆಗೆದದ್ದು. ಆಮೇಲೆ ಏಳು ವರ್ಷ
ಪುಕ್ಕಟೆ ಮದುವೆ ತೆಗೆದ ಪುಣ್ಯಾತ್ಮ.
ಚಾಕು ತಗಡಿನಂಗಡಿ ಎರ್ರಿಸ್ವಾಮಿಯದು,
ಬೆಣ್ಣೆಯನ್ನೂ ಕೊಯ್ಯದು.
ಆದರೂ ಸೆನ್ಸಾರಿನವರು ದೊಡ್ಡವರಿಗೆ ಮಾತ್ರ ಎಂದು ಮೊಹರು ಒತ್ತಿದರು.
ಮೊದಲ ದಿನ ಅಂಗಿಗೆ ಇಸ್ತ್ರಿ ಹಾಕಿಸಿಕೊಂಡು ಹೋದರೆ
ಗೇಟಿನವನು ಗದ್ದ ಎತ್ತಿ ನೋಡಿದ: ‘ಮೀಸಿ ಎಲ್ಲೈತಲೇ?’
ಗೋಡೆ ಮೇಲೆ ನನ್ನ ಹೆಣ,
ಕೆಳಗೆ ನಾನು.
ಒಳಗೆ ನಾನು ಚೀರುವುದನ್ನು ಕೇಳಿಸಿಕೊಂಡು ಮನೆಗೆ ಬಂದೆ.
ಮೂರು ದಿನ ಓಡಿತು.

ಕೊಂದವನು ಹೊನ್ನೂರ.
ಸೋಡಾ ಗಾಡಿಯ ಹುಡುಗ, ಯಾರಿಗೂ ಎದುರುತ್ತರ ಕೊಟ್ಟವನಲ್ಲ.
ನಾಲಿಗೆಯಡಿ ಬ್ಲೇಡಿಟ್ಟು ನಗುವುದನ್ನು
ಕನ್ನಡಿ ಮುಂದೆ ಹನ್ನೊಂದು ದಿನ ಕಲಿತ.
ತಾಲೀಮಿನಲ್ಲಿ ಚಾಕು ಇಳಿಸಿದಾಗೆಲ್ಲ
‘ನೋವಾತೇನಲೇ?’ ಎಂದು ಕೇಳುತ್ತಿದ್ದ.
ಎರಡು ತಿಂಗಳಿಗೆ ಪಾರ್ವತಿನಗರದಲ್ಲೊಂದು ಮನೆ ಕಳವಾಯಿತು.
ಪೇದೆಯ ಕಣ್ಣು ಬಿದ್ದದ್ದು ಗೋಡೆಯಲ್ಲಿ ಇನ್ನೂ ಹರಿಯದ ಪೋಸ್ಟರಿನ ಮೇಲೆ.
‘ಸಾರ್, ಅದು ನಟನೆ’ ಎಂದು ಗಾದಿಲಿಂಗಪ್ಪ ಕೈಮುಗಿದರೆ
‘ಮಾಡಿ ಗೊತ್ತಿಲ್ಲದವ ಅಷ್ಟು ಚೆಂದ ಹೆಂಗ ಮಾಡ್ತಾನ?’
ಅವನಿಗೆ ಸಿಕ್ಕ ಪ್ರಶಸ್ತಿ ಅದೊಂದೇ.

ಹಾಕಿದ್ದು ಬಾಲಮಂದಿರಕ್ಕೆ,
ನಾವು ಎರಡು ದಿನ ಶೂಟಿಂಗ್ ಮಾಡಿದ್ದ ಅದೇ ಪಡಸಾಲೆ.
ನೋಡಲು ಹೋದಾಗ ಉತ್ಸಾಹದಿಂದಲೇ ತೋರಿಸಿದ:
‘ಇಲ್ಲೇ ನೋಡು, ಕ್ಯಾಮೆರಾ ಈ ಗೋಡಿಗೆ ಆನಿಸಿದ್ದು.’
ಸುಣ್ಣ ಬಳಿದಿದ್ದರು. ಅವನು ಬೆರಳಿಟ್ಟ ಕಡೆ ಸಣ್ಣ ತಗ್ಗಿತ್ತು.
ಆಮೇಲೆ ನಾನು ಹೋಗಲಿಲ್ಲ.
ಗುಂಡಿ ಕೂರಿಸುವ ಕೆಲಸ ಸಿಕ್ಕಿತ್ತು,
ಡಜನ್ನಿಗಿಷ್ಟು ಎಂದು.

ಕೊನೆಯಲ್ಲಿ ಬಾಗಿಲು ತೆರೆಯುತ್ತದೆ, ಹೊನ್ನೂರ ಹೊರಗೆ ಬರುತ್ತಾನೆ,
ಹಿಂದೆ ಕೋಟೆಗುಡ್ಡ ಬಿಸಿಲಿಗೆ ಬೆಳ್ಳಗೆ,
ಒಂದು ಕಾಲು ಎತ್ತುತ್ತಾನೆ.
ಅಷ್ಟಕ್ಕೇ ಚಿತ್ರ ನಿಂತುಬಿಡುತ್ತದೆ.
ಆ ಕಾಲಿನ ಮೇಲೆ ಬೆಳತನಕ ವಾದ.
ಊರೇ ಜೈಲು ಅನ್ನುತ್ತಾನೆ ಒಬ್ಬ.
ಅವನು ಹೊರಗೆ ಬಂದದ್ದೇ ಕನಸು ಅನ್ನುತ್ತಾಳೆ ಕಾಲೇಜಿನ ಹುಡುಗಿ,
ಅವಳ ಅಂಗಿಯ ಮೇಲೆ ಬ್ಲೇಡು ಕಚ್ಚಿ ನಗುವ ಅವನದೇ ಮುಖ,
ನಮ್ಮ ಬಜಾರಿನದೇ ಹೊಲಿಗೆ.
ರೀಲು ಮುಗಿದಿತ್ತು ಎಂದು ನಾನು ಹೇಳುವುದಿಲ್ಲ.
ಹೊನ್ನೂರ ಈಗೆಲ್ಲಿ ಎಂದರೆ
ಗುಂತಕಲ್ ಕಡೆ ರೈಲು ಹತ್ತಿದ ಎನ್ನುತ್ತೇನೆ.
ಯಾರೋ ಹೇಳಿದ್ದು.

ಎಲ್ಲರೂ ಹೋದ ಮೇಲೆ ಮಾಳಿಗೆ ಗುಡಿಸುವವನು ನಾನೇ.
ಬಾಟಲಿಗಳ ಬಾಯಿಗೆ ಅಷ್ಟರಲ್ಲೇ ಇರುವೆ ಹತ್ತಿರುತ್ತವೆ,
ಒಂದೆರಡು ದಾರಿ ತಪ್ಪಿ ನನ್ನ ಪಾದದ ಮೇಲೂ.
ಪೊರಕೆ ಹಿಡಿದು ಸ್ವಲ್ಪ ಹೊತ್ತು
ಅಲುಗಾಡದೆ ನಿಲ್ಲುತ್ತೇನೆ.